ಗಾಳಿ ಎಲ್ಲಿಗೆ ಹೋಯಿತು? ಎಲೆಕ್ಟ್ರಿಕ್ ಪಿಕಪ್‌ನ ಏರ್ ಸಸ್ಪೆನ್ಷನ್ ರಿಪೇರಿ ಕುರಿತು ಒಂದಿಷ್ಟು ಮಾತು

(ದಾವಣಗೆರೆಯಲ್ಲಿ ಗ್ಯಾರೇಜ್ ಕೆಲಸಗಾರರು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಷಯ ಕೇಳಿ ಕೆಲವರು ನಕ್ಕಿರಬಹುದು. ಎಲೆಕ್ಟ್ರಿಕ್ ಪಿಕಪ್ ಟ್ರಕ್, ಅದಕ್ಕೆ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬಲೂನಿನ ಮೇಲೆ ಗಾಡಿ ಕೂರಿಸುವ ವ್ಯವಸ್ಥೆ! ನಮ್ಮ ಪಿ.ಬಿ. ರಸ್ತೆಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತರೂ ಅಂಥ ಗಾಡಿ ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಕರೆಂಟಿನ ಸರಕು ಗಾಡಿ ಅಂದರೆ ಟಾಟಾ ಏಸ್ ಇವಿ ಥರದ್ದು. ಅದಕ್ಕೆ ಬಲೂನೂ ಇಲ್ಲ, ಗಾಳಿ ತುಂಬುವ ಕಂಪ್ರೆಸರೂ ಇಲ್ಲ. ರಿವಿಯನ್ ಆರ್1ಟಿ, ಟೆಸ್ಲಾ ಸೈಬರ್‌ಟ್ರಕ್, ಜಿಎಂಸಿ ಹಮ್ಮರ್ ಇವಿ, ಇವೆಲ್ಲ ಅಮೆರಿಕದ ರಸ್ತೆಯ ಗಾಡಿಗಳು.

ಆದರೆ ಏರ್ ಸಸ್ಪೆನ್ಷನ್ ನಿಮಗೆ ಹೊಸದಲ್ಲ. 2001ರಲ್ಲಿ ವೋಲ್ವೋ ಬಸ್ಸುಗಳು ದೇಶಕ್ಕೆ ಬಂದವು. ಆಮೇಲೆ ಐರಾವತ ನಮ್ಮ ಹೆದ್ದಾರಿಯಲ್ಲಿ ಓಡತೊಡಗಿತು. ಅವತ್ತಿನಿಂದಲೂ ಬಲೂನು, ಗಾಡಿಯ ಎತ್ತರ ಕಾಯುವ ಲೆವೆಲಿಂಗ್ ವಾಲ್ವು ಇಲ್ಲಿ ಕೆಲವರ ಕೈಗೆ ಪರಿಚಯ. ಈಗ ಕೆಎಸ್‌ಆರ್‌ಟಿಸಿಯ ಇವಿ ಪವರ್ ಪ್ಲಸ್ ಬಸ್ಸುಗಳಿವೆ. ಬ್ಯಾಟರಿಯ ಭಾರ ಹೊತ್ತು ಗಾಳಿಯ ಮೇಲೆ ಓಡುವ ಗಾಡಿಗಳು ಅವು. 2023ರ ಜೂನ್‌ನಿಂದ ದಾವಣಗೆರೆಯಲ್ಲಿ ನಿಲ್ಲುವ ಧಾರವಾಡದ ವಂದೇ ಭಾರತ್ ರೈಲಿನ ಬೋಗಿಗಳೂ ಗಾಳಿಯ ಸ್ಪ್ರಿಂಗ್ ಮೇಲೇ ಕೂತಿವೆ. ಹಾಗಾಗಿ ಅಮೆರಿಕದ ಪಿಕಪ್ಪನ್ನು ಉದಾಹರಣೆಗೆ ಇಟ್ಟುಕೊಂಡು ಮಾತಾಡುತ್ತೇನೆ. ಅದರಲ್ಲಿ ಎಲ್ಲ ಭಾಗವೂ ಇದೆ, ಎಲ್ಲ ತೊಂದರೆಯೂ ಇದೆ. ಅದು ಅರ್ಥವಾದರೆ ನಾಳೆ ನಿಮ್ಮ ಶೆಡ್ಡಿಗೆ ಬರುವ ದುಬಾರಿ ಎಸ್‌ಯುವಿಗೆ ಹೆದರಬೇಕಾಗಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ. ಗಾಡಿ ಕುಸಿಯಿತು ಅಂದ ಕೂಡಲೇ ಎಲ್ಲರ ಕಣ್ಣು ಕಂಪ್ರೆಸರ್ ಮೇಲೆ ಹೋಗುತ್ತದೆ. ಸದ್ದು ಮಾಡುವುದು ಅದೇ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಬರುವುದು ಅದರ ಹೆಸರಿಗೇ, ಬಿಲ್ ದೊಡ್ಡದಾಗುವುದೂ ಅದರಿಂದಲೇ. ಬಹಳ ಸಲ ಕಂಪ್ರೆಸರ್ ಸತ್ತಿರುವುದು ನಿಜ. ಆದರೆ ಕೊಂದದ್ದು ಬೇರೆ. ಕೊಂದವನನ್ನು ಹಿಡಿಯದೆ ಹೊಸ ಕಂಪ್ರೆಸರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಒಳಗೆ ಏನಿದೆ ನೋಡೋಣ. ನಾಲ್ಕು ಚಕ್ರಕ್ಕೆ ನಾಲ್ಕು ಬಲೂನು. ರಬ್ಬರಿನ ಕೊಳವೆ, ಒಳಗೆ ನೂಲಿನ ಪದರ. ಕೆಳಭಾಗ ಅಂಗಿಯ ತೋಳು ಮಡಚಿದ ಹಾಗೆ ತನ್ನ ಮೇಲೆ ತಾನೇ ಮಡಚಿಕೊಂಡು ಒಂದು ಪಿಸ್ಟನ್ ಮೇಲೆ ಉರುಳುತ್ತದೆ. ಗಾಡಿ ಎದ್ದರೆ ಮಡಿಕೆ ಬಿಚ್ಚುತ್ತದೆ, ಕೂತರೆ ಮಡಿಕೆ ಜಾಸ್ತಿಯಾಗುತ್ತದೆ. ಆಮೇಲೆ ಒಂದು ಎಲೆಕ್ಟ್ರಿಕ್ ಕಂಪ್ರೆಸರ್, ಅದಕ್ಕೆ ಅಂಟಿಕೊಂಡು ಒಂದು ಡ್ರೈಯರ್. ಡ್ರೈಯರ್‌ನಲ್ಲಿ ನೀರು ಹೀರುವ ಹರಳುಗಳು. ಗಾಳಿಯನ್ನು ಹಂಚುವ ವಾಲ್ವ್ ಬ್ಲಾಕ್. ಕೆಲವು ಗಾಡಿಗಳಲ್ಲಿ ಗಾಳಿ ಕೂಡಿಡುವ ಟ್ಯಾಂಕು. ಪ್ರತಿ ಮೂಲೆಯಲ್ಲಿ ಎತ್ತರ ಅಳೆಯುವ ಸೆನ್ಸರ್, ಅದಕ್ಕೊಂದು ಚಿಕ್ಕ ಕಡ್ಡಿ. ಇವೆಲ್ಲಕ್ಕೆ ಆಜ್ಞೆ ಕೊಡುವ ಕಂಟ್ರೋಲ್ ಯೂನಿಟ್.

ಬಸ್ಸಿನ ಕೆಲಸ ಗೊತ್ತಿದ್ದವರಿಗೆ ವ್ಯತ್ಯಾಸ ಕಾಣಿಸಿರಬೇಕು. ಬಸ್ಸಿನಲ್ಲಿ ಬ್ರೇಕಿಗೂ ಬಲೂನಿಗೂ ಗಾಳಿ ಒಂದೇ ಕಡೆಯಿಂದ ಬರುತ್ತದೆ. ಮೊದಲು ಬ್ರೇಕಿಗೆ, ಆಮೇಲೆ ಉಳಿದದ್ದಕ್ಕೆ. ಪಿಕಪ್‌ನಲ್ಲಿ ಬ್ರೇಕ್ ಎಣ್ಣೆಯದು, ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಬಸ್ಸಿನ ಲೆವೆಲಿಂಗ್ ವಾಲ್ವಿಗೆ ಒಂದು ಕೈ, ಒಂದು ಕಡ್ಡಿ ಇರುತ್ತದೆ ಅಲ್ವಾ? ಕಡ್ಡಿಯ ಬುಷ್ ಹೋದರೆ ಬಸ್ಸು ಒಂದು ಕಡೆ ವಾಲುತ್ತದೆ. ಪಿಕಪ್‌ನ ಸೆನ್ಸರ್ ಕಡ್ಡಿ ಮಾಡುವುದೂ ಅದೇ ಕೆಲಸ. ಒಂದೇ ವ್ಯತ್ಯಾಸ, ಅದು ವಾಲ್ವನ್ನು ತಿರುಗಿಸುವುದಿಲ್ಲ, ವೋಲ್ಟೇಜ್ ಕಳಿಸುತ್ತದೆ.

ಈಗ ಸ್ವಲ್ಪ ಲೆಕ್ಕ. ಹುಡುಗರು ಬರೆದುಕೊಳ್ಳಿ. ರಿವಿಯನ್ ಆರ್1ಟಿಯ ತೂಕ ಸುಮಾರು 3,200 ಕಿಲೋ. ಒಂದು ಮೂಲೆಗೆ 800. ಚಕ್ರ, ಹಬ್ಬು ಬಿಟ್ಟರೆ ಬಲೂನಿನ ಮೇಲೆ 700 ಅಂದುಕೊಳ್ಳಿ. ಬಲೂನಿನ ಅಡ್ಡಳತೆ 15 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಒತ್ತುವ ಜಾಗ ಸುಮಾರು 177 ಚದರ ಸೆಂಟಿಮೀಟರ್. 700ನ್ನು 177ರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 4 ಕಿಲೋ, ಅಂದರೆ ಹೆಚ್ಚುಕಡಿಮೆ 4 ಬಾರ್. ಬಲೂನು ಚಕ್ರದ ನೇರಕ್ಕೆ ಇರುವುದಿಲ್ಲ, ಒಳಗೆ, ಚಕ್ರವನ್ನು ಹಿಡಿದಿರುವ ತೋಳಿನ ಮೇಲೆ ಕೂತಿರುತ್ತದೆ. ಆದ್ದರಿಂದ ನಿಜವಾದ ಒತ್ತಡ ಇದಕ್ಕಿಂತ ಜಾಸ್ತಿಯೇ.

ಈ ಲೆಕ್ಕ ಸುಮ್ನೆ ಹೇಳಿದ್ದಲ್ಲ. ಇದರಲ್ಲಿ ಗಾಡಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಎಲ್ಲಾದರೂ ಬಂತಾ? ಬರಲಿಲ್ಲ. ಒತ್ತಡವನ್ನು ನಿರ್ಧರಿಸುವುದು ಭಾರ, ಎತ್ತರ ಅಲ್ಲ. ಗಾಡಿಯನ್ನು ಮೇಲಕ್ಕೆತ್ತಿದರೆ ಬಲೂನಿಗೆ ಗಾಳಿ ಜಾಸ್ತಿ ಹೋಗುತ್ತದೆ, ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ಸಣ್ಣ ಲೀಕ್ ಇದ್ದು ಗಾಳಿ ಮೆಲ್ಲಗೆ ಹೋಗುತ್ತಿದ್ದರೂ ಗೇಜಿನ ಮುಳ್ಳು ಇಳಿಯುವುದಿಲ್ಲ. ಗಾಡಿ ಇಳಿಯುತ್ತದೆ. ಪೂರ್ತಿ ಕೂತು ಬಂಪ್ ಸ್ಟಾಪ್ ಅನ್ನುವ ಕೊನೆಯ ತಡೆ ಭಾರ ಹೊತ್ತುಕೊಂಡ ಮೇಲಷ್ಟೇ ಒತ್ತಡ ಬೀಳುವುದು. ಸ್ಕ್ಯಾನರ್‌ನಲ್ಲಿ ನಾಲ್ಕೂ ಬಲೂನಿನ ಒತ್ತಡ ಸರಿ ಇದೆ, ಲೀಕ್ ಇಲ್ಲ ಅಂತ ಬರೆದುಕೊಡುವವರು ಇಲ್ಲೇ ತಪ್ಪುತ್ತಾರೆ. ಲೀಕ್ ಹುಡುಕಲು ಬೇಕಾದ ಮೊದಲ ಉಪಕರಣ ಅಳತೆಯ ಟೇಪು.

ಟೇಪು ಹಿಡಿಯುವುದಕ್ಕೂ ಒಂದು ಕ್ರಮ ಇದೆ. ನೆಲದಿಂದ ಅಳೆಯಬೇಡಿ. ಟೈರಿನ ಗಾಳಿ, ಟೈರಿನ ಸವೆತ, ನೆಲದ ತಗ್ಗು ಎಲ್ಲ ಸೇರಿ ಅಳತೆ ಕೆಡುತ್ತದೆ. ಚಕ್ರದ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಮೂಲೆ. ರಾತ್ರಿ ನಿಲ್ಲಿಸಿದ ಕೂಡಲೇ ಒಮ್ಮೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಒಮ್ಮೆ. ಬಾಗಿಲು ತೆಗೆದರೆ ಗಾಡಿ ಎಚ್ಚರಗೊಂಡು ತನ್ನನ್ನು ತಾನೇ ಸರಿಮಾಡಿಕೊಳ್ಳಲು ಶುರು ಮಾಡಬಹುದು, ಆಗ ಸಾಕ್ಷಿ ಹೋಯಿತು. ಮಾಲೀಕನಿಗೇ ಹೇಳಿ ಒಂದು ಚೀಟಿಯಲ್ಲಿ ಬರೆಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆ ಚೀಟಿ ಓದುವುದು ಹೇಗೆ? ಒಂದೇ ಮೂಲೆ ಇಳಿದಿದ್ದರೆ ಆ ಬಲೂನು, ಅದರ ಪೈಪು, ಪೈಪಿನ ಫಿಟ್ಟಿಂಗು ಅಥವಾ ಬ್ಲಾಕಿನಲ್ಲಿ ಆ ಮೂಲೆಯ ವಾಲ್ವು. ಒಂದು ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಇಳಿದಿದ್ದರೆ ಎರಡು ಬಲೂನು ಒಂದೇ ದಿನ ತೂತಾಗಿವೆ ಅಂತ ನಂಬುವ ಮೊದಲು ವಾಲ್ವ್ ಬ್ಲಾಕ್ ಕಡೆ ನೋಡಿ. ನಾಲ್ಕೂ ಸಮನಾಗಿ ಸ್ವಲ್ಪ ಇಳಿದಿದ್ದರೆ ಲೀಕ್ ಇಲ್ಲದಿರಬಹುದು, ಅದನ್ನು ಆಮೇಲೆ ಹೇಳುತ್ತೇನೆ. ಇಳಿಯುವುದಿಲ್ಲ, ಆದರೆ ಏರಿಸು ಅಂದರೆ ಏರುವುದೂ ಇಲ್ಲ ಅಂದರೆ ಮಾತ್ರ ಕಂಪ್ರೆಸರ್, ಅದನ್ನು ಆನ್ ಆಫ್ ಮಾಡುವ ರಿಲೇ, ಫ್ಯೂಸು, ಬ್ಯಾಟರಿಯ ಕಡೆ ಹೋಗಿ. ನಿಂತಲ್ಲಿ ಕುಸಿಯುವುದಿಲ್ಲ, ಏರಿಸಿದರೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ, ಯಾವಾಗಲೂ ಒಂದೇ ಕಡೆ ಒಂದೇ ಅಳತೆ ವಾಲಿದೆ ಅಂದರೆ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಸೆನ್ಸರ್ ಕಡ್ಡಿ ಬಗ್ಗಿದೆ, ಅಥವಾ ಯಾರೋ ಸೆನ್ಸರ್ ಬದಲಿಸಿ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್ ಮಾಡದೆ ಬಿಟ್ಟಿದ್ದಾರೆ.

ಎಷ್ಟು ಹೊತ್ತಿನಲ್ಲಿ ಇಳಿಯಿತು ಅನ್ನುವುದೂ ಮುಖ್ಯ. ಕಾಲು ಗಂಟೆಯಲ್ಲಿ ಕೂತರೆ ಕಿವಿಗೇ ಕೇಳುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಇದೊಂದು ಅನುಕೂಲ. ಇಂಜಿನ್ ಸದ್ದಿಲ್ಲ, ಫ್ಯಾನ್ ಬೆಲ್ಟಿನ ಸದ್ದಿಲ್ಲ. ಸಂಜೆ ಶೆಡ್ಡಿನ ಶಟರ್ ಎಳೆದು ರೇಡಿಯೊ ಆಫ್ ಮಾಡಿ ನಿಂತರೆ ಸುಯ್ ಅನ್ನುವುದು ಎಲ್ಲಿಂದ ಅಂತ ಗೊತ್ತಾಗುತ್ತದೆ. ಇಳಿಯಲು ರಾತ್ರಿಯಿಡೀ ಬೇಕಾದರೆ ಸೋಪಿನ ನೀರೇ ಗತಿ.

ಸೋಪಿನ ನೀರು ಹಾಕುವವರು ಗಾಡಿ ಕೂತಿರುವಾಗಲೇ ಹಾಕಿ, ಗುಳ್ಳೆ ಬರಲಿಲ್ಲ ಅಂತಾರೆ. ಬಲೂನು ಮಡಚಿಕೊಂಡಿರುವಾಗ ಬಿರುಕು ಮಡಿಕೆಯ ಒಳಗೆ ಅಡಗಿರುತ್ತದೆ. ಗಾಡಿಯನ್ನು ಎತ್ತರದ ಮೋಡ್‌ಗೆ ಏರಿಸಿ, ಆ ಭಾಗ ಹೊರಗೆ ಬರಲಿ, ಆಗ ಸ್ಪ್ರೇ ಮಾಡಿ. ಕೆಲವು ಬಿರುಕು ಇದಕ್ಕೆ ಉಲ್ಟಾ, ಮಡಿಕೆ ಬಿದ್ದಾಗ ಮಾತ್ರ ಬಾಯಿ ಬಿಡುತ್ತವೆ. ಅದಕ್ಕೇ ಒಂದು ರಾತ್ರಿ ಎತ್ತರದಲ್ಲಿ, ಇನ್ನೊಂದು ರಾತ್ರಿ ತಗ್ಗಿನಲ್ಲಿ ನಿಲ್ಲಿಸಿ ಅಳೆಯುವುದು. ಯಾವ ಎತ್ತರದಲ್ಲಿ ಇಳಿಯಿತು ಅನ್ನುವುದೇ ಬಿರುಕು ಎಲ್ಲಿದೆ ಅಂತ ಹೇಳುತ್ತದೆ.

ಬಲೂನಿನಷ್ಟೇ ಅನುಮಾನ ಫಿಟ್ಟಿಂಗ್ ಮೇಲೂ ಇರಲಿ. ಪೈಪು ನೈಲಾನಿನದು, ಒತ್ತಿದರೆ ಕೂರುವ ಫಿಟ್ಟಿಂಗು. ಪೈಪನ್ನು ಕಟಿಂಗ್ ಪ್ಲೈಯರ್‌ನಲ್ಲಿ ಓರೆಯಾಗಿ ಕತ್ತರಿಸಿದರೆ ಒಳಗಿನ ಓ ರಿಂಗ್ ಅನ್ನುವ ರಬ್ಬರ್ ಬಳೆ ಸರಿಯಾಗಿ ಹಿಡಿಯುವುದಿಲ್ಲ. ಬ್ಲೇಡಿನಲ್ಲಿ ನೇರ ಕತ್ತರಿಸಿ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ದಯವಿಟ್ಟು ಇದರ ಹತ್ತಿರ ತರಬೇಡಿ. ಅದರ ಎಳೆ ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಒಂದು ಲೀಕ್ ಮುಚ್ಚಲು ಹೋಗಿ ಇನ್ನೊಂದು ಮಾಡಿದ ಹಾಗೆ.

ಕಂಪ್ರೆಸರನ್ನು ಕೊಂದದ್ದು ಬೇರೆ ಅಂದೆನಲ್ಲ, ಅದಕ್ಕೆ ಈಗ ಬರುತ್ತೇನೆ. ಈ ಕಂಪ್ರೆಸರ್‌ಗಳು ಸ್ವಲ್ಪ ಹೊತ್ತು ಓಡಿ ನಿಲ್ಲುವುದಕ್ಕೆ ಮಾಡಿದವು. ಲೀಕ್ ಇದ್ದರೆ ಮತ್ತೆ ಮತ್ತೆ ಓಡುತ್ತದೆ, ಬಿಸಿಯಾಗುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ. ಇದು ಎಲ್ಲರಿಗೂ ಹೊಳೆಯುವ ಕಾರಣ. ಇನ್ನೊಂದು ಕಾರಣ ಅಷ್ಟು ಬೇಗ ಹೊಳೆಯುವುದಿಲ್ಲ. ಹೊರಗಿನ ಗಾಳಿ ಒಳಗೆ ಹೋಗುವಾಗ ಅದರ ತೇವವನ್ನು ಡ್ರೈಯರ್ ಹಿಡಿದುಕೊಳ್ಳುತ್ತದೆ. ಗಾಡಿ ಇಳಿಸಿದಾಗ ಬಲೂನಿನ ಒಣಗಾಳಿ ಅದೇ ಡ್ರೈಯರ್ ಮೂಲಕ ವಾಪಸು ಹೊರಗೆ ಹೋಗುತ್ತಾ ಆ ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಹೀಗೆ ಡ್ರೈಯರ್ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಲೀಕ್ ಇದ್ದರೆ ಏನಾಗುತ್ತದೆ? ಗಾಳಿ ಒಳಗೆ ಹೋಗುವುದು ಡ್ರೈಯರ್ ಮೂಲಕ, ಹೊರಗೆ ಹೋಗುವುದು ತೂತಿನ ಮೂಲಕ. ಡ್ರೈಯರ್‌ಗೆ ಒಣಗಾಳಿ ವಾಪಸು ಸಿಗುವುದೇ ಇಲ್ಲ. ಹರಳುಗಳು ನೆನೆಯುತ್ತವೆ, ಪುಡಿಯಾಗುತ್ತವೆ. ಆ ಬಿಳಿ ಪುಡಿ ವಾಲ್ವ್ ಬ್ಲಾಕಿಗೆ ಹೋಗಿ ಕೂರುತ್ತದೆ. ಈಗ ವಾಲ್ವೂ ಸರಿಯಾಗಿ ಮುಚ್ಚುವುದಿಲ್ಲ. ಒಂದು ಸಣ್ಣ ಓ ರಿಂಗ್‌ನಿಂದ ಶುರುವಾದದ್ದು ಡ್ರೈಯರ್, ಬ್ಲಾಕ್, ಕಂಪ್ರೆಸರ್ ಮೂರನ್ನೂ ತಿಂದುಹಾಕಿತು.

ಆದ್ದರಿಂದ ಕಂಪ್ರೆಸರ್ ಬದಲಿಸಲೇಬೇಕಾಗಿ ಬಂದಾಗ ಪೈಪು ಬಿಚ್ಚಿ ಬೆರಳು ಒರೆಸಿ ನೋಡಿ. ಬಿಳಿ ಪುಡಿ ಅಥವಾ ನೀರು ಕಂಡರೆ ಡ್ರೈಯರನ್ನೂ ಬದಲಿಸಿ, ಬ್ಲಾಕನ್ನೂ ಪರೀಕ್ಷಿಸಿ. ರಿಲೇಯನ್ನಂತೂ ಹೊಸದು ಹಾಕಿಬಿಡಿ. ಅದರ ಪಾಯಿಂಟ್ ಸುಟ್ಟು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ರಿಲೇಯ ಬೆಲೆ ನೋಡಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಎಲೆಕ್ಟ್ರಿಕ್ ಗಾಡಿ ಅಂದಮೇಲೆ ದೊಡ್ಡ ಬ್ಯಾಟರಿ ಇರುತ್ತೆ. ಕಂಪ್ರೆಸರ್‌ಗೆ ಕರೆಂಟ್ ಕಮ್ಮಿ ಬೀಳೋದು ಹೇಗೆ?"

ಒಳ್ಳೆ ಪ್ರಶ್ನೆ. ಮೊದಲು ಬಂದ ಆರ್1ಟಿಯ ದೊಡ್ಡ ಪ್ಯಾಕ್ 135 ಕಿಲೋವ್ಯಾಟ್ ಗಂಟೆಯದಾಗಿತ್ತು. ಆದರೆ ಇಂಥ ಗಾಡಿಗಳಲ್ಲಿ ಏರ್ ಕಂಪ್ರೆಸರ್ ಓಡುವುದು ಸಾಮಾನ್ಯವಾಗಿ ಚಿಕ್ಕ ಬ್ಯಾಟರಿಯ ಕಡೆಯಿಂದ, ನಮ್ಮ ಕಾರಿನಲ್ಲಿರುವ ಹಾಗೆ 12 ವೋಲ್ಟ್. ಆ ಬ್ಯಾಟರಿ ಸೋತಿದ್ದರೆ ಕಂಟ್ರೋಲ್ ಯೂನಿಟ್ ಮೊದಲು ನಿಲ್ಲಿಸುವುದು ಇಂಥ ಜಾಸ್ತಿ ಕರೆಂಟ್ ಎಳೆಯುವ ಕೆಲಸಗಳನ್ನೇ. ಪರದೆಯ ಮೇಲೆ ಸಸ್ಪೆನ್ಷನ್ ದೋಷ ಅಂತ ಬರುತ್ತದೆ, ಸಸ್ಪೆನ್ಷನ್‌ಗೆ ಏನೂ ಆಗಿರುವುದಿಲ್ಲ. ಮಲ್ಟಿಮೀಟರನ್ನು ಕಂಪ್ರೆಸರ್ ಕನೆಕ್ಟರ್‌ಗೇ ಹಿಡಿದು, ಅದು ಓಡುತ್ತಿರುವಾಗ ವೋಲ್ಟೇಜ್ ನೋಡಿ. ನಿಂತಿರುವಾಗ 12.6 ತೋರಿಸಿ, ಓಡುವಾಗ 10ಕ್ಕೆ ಬಿದ್ದರೆ ಬ್ಯಾಟರಿ ಅಥವಾ ಅರ್ಥ್ ವೈರ್.

ಇದಕ್ಕೆ ಉಲ್ಟಾ ಕಥೆಯೂ ಇದೆ. ಲೀಕ್ ಇರುವ ಗಾಡಿ ನಿಂತಲ್ಲೇ ಆಗಾಗ ಎಚ್ಚರಗೊಂಡು ಗಾಳಿ ತುಂಬಿಕೊಳ್ಳುತ್ತಿದ್ದರೆ ನಿಲ್ಲಿಸಿಟ್ಟ ಗಾಡಿಯ ಚಾರ್ಜ್ ಇಳಿಯುತ್ತದೆ. ಮಾಲೀಕ ಬ್ಯಾಟರಿ ಹಾಳಾಗಿದೆ ಅಂತ ಬರುತ್ತಾನೆ. ಹಾಗೆ ಬಂದವನ ಗಾಡಿಗೂ ಒಮ್ಮೆ ಟೇಪು ಹಿಡಿಯಿರಿ.

ಸೈಬರ್‌ಟ್ರಕ್ ವಿಷಯದಲ್ಲಿ ಒಂದು ಎಚ್ಚರಿಕೆ. 2023ರ ನವೆಂಬರ್ ಕೊನೆಯಲ್ಲಿ ಮಾಲೀಕರ ಕೈ ಸೇರತೊಡಗಿದ ಆ ಗಾಡಿಯ ಚಿಕ್ಕ ಬ್ಯಾಟರಿ ವ್ಯವಸ್ಥೆ 12 ವೋಲ್ಟಿನದಲ್ಲ, 48 ವೋಲ್ಟಿನದು. ನಮ್ಮ ಹುಡುಗರು ಜೇಬಿನಲ್ಲಿಟ್ಟುಕೊಂಡು ಓಡಾಡುವ ಬಲ್ಬಿನ ಟೆಸ್ಟರ್ ಅಲ್ಲಿ ಚುಚ್ಚಿದರೆ ಬಲ್ಬು ಹೋಗುತ್ತದೆ. ಮುಂದೆ ಬರುವ ಗಾಡಿಗಳೂ ಈ ದಾರಿ ಹಿಡಿಯಬಹುದು. ಹೊಸ ಗಾಡಿಗೆ ಟೆಸ್ಟರ್ ಚುಚ್ಚುವ ಮೊದಲು ಮಲ್ಟಿಮೀಟರ್. ಇನ್ನು ಕಿತ್ತಳೆ ಬಣ್ಣದ ಕೇಬಲ್ ಯಾವ ಗಾಡಿಯಲ್ಲಿ ಕಂಡರೂ ಅದು ದೊಡ್ಡ ಬ್ಯಾಟರಿಯದು. ಸಸ್ಪೆನ್ಷನ್ ಕೆಲಸಕ್ಕೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಬೇಡಿ.

ನಾಲ್ಕೂ ಮೂಲೆ ಸಮನಾಗಿ ಇಳಿದರೆ ಲೀಕ್ ಇಲ್ಲದಿರಬಹುದು ಅಂದೆ. ಅದು ಚಳಿಯ ಆಟ. ಭಾರ ಬದಲಾಗದಿದ್ದರೆ ಒತ್ತಡವೂ ಬದಲಾಗುವುದಿಲ್ಲ. ಗಾಳಿ ತಣ್ಣಗಾದರೆ ಅದು ಹಿಡಿಯುವ ಜಾಗ ಕಮ್ಮಿಯಾಗುತ್ತದೆ. ಏಪ್ರಿಲ್‌ನಲ್ಲಿ ಚಿತ್ರದುರ್ಗದ ಬಿಸಿಲಿಗೆ ನಿಂತ ಗಾಡಿಯ ಬಲೂನಿನಲ್ಲಿ 38 ಡಿಗ್ರಿ ಇದ್ದು, ಬೆಳಗಿನ ಜಾವ 20ಕ್ಕೆ ಬಂತು ಅನ್ನಿ. ಕೆಲ್ವಿನ್ ಲೆಕ್ಕದಲ್ಲಿ 311ರಿಂದ 293. ಸುಮಾರು 6 ಶೇಕಡಾ. ಬಲೂನಿನೊಳಗಿನ ಗಾಳಿಯ ಕಂಬ 20 ಸೆಂಟಿಮೀಟರ್ ಇದ್ದರೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಅಮೆರಿಕದ ಉತ್ತರದಲ್ಲಿ ಬೆಚ್ಚಗಿನ ಗ್ಯಾರೇಜಿನಿಂದ ಹೊರಗೆ ತಂದ ಗಾಡಿ 20 ಡಿಗ್ರಿಯಿಂದ ಸೊನ್ನೆಗಿಂತ 20 ಕೆಳಗೆ ಹೋದರೆ ಇಳಿತ ಎರಡೂವರೆ ಸೆಂಟಿಮೀಟರ್ ದಾಟುತ್ತದೆ. ಇದು ರೋಗವಲ್ಲ. ಆದರೆ ಚಳಿಗೆ ನಾಲ್ಕೂ ಇಳಿಯಬೇಕು. ಒಂದು ಮೂಲೆ ಮಾತ್ರ ಇಳಿದರೆ ಚಳಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ.

ಇಂಥದ್ದೇ ಒಂದು ನನ್ನ ಅಕ್ಕನ ಮಗನಿಗೆ ಆಯಿತು. ಅವನು ಅಮೆರಿಕದಲ್ಲಿ, ಹಿಮ ಬೀಳುವ ಊರಿನಲ್ಲಿದ್ದಾನೆ. ಒಂದು ಎಲೆಕ್ಟ್ರಿಕ್ ಪಿಕಪ್ ಇಟ್ಟುಕೊಂಡಿದ್ದಾನೆ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ವಿಡಿಯೊ ಕಾಲ್ ಮಾಡಿ, "ಮಾವ, ಬೆಳಿಗ್ಗೆ ಎದ್ದರೆ ಹಿಂದಿನ ಎಡಗಡೆ ಕೂತಿರುತ್ತೆ. ಓಡಿಸಿದ್ರೆ ಸರಿಹೋಗುತ್ತೆ. ಗ್ಯಾರೇಜಿನವರು ಕಂಪ್ರೆಸರ್ ಬದಲಿಸಬೇಕು ಅಂತಿದ್ದಾರೆ" ಅಂದ. ಓಡಿಸಿದಾಗ ಏರುತ್ತದೆ ಅಂದಮೇಲೆ ಕಂಪ್ರೆಸರ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ ಅಲ್ವಾ? ಅಳತೆ ಬರೆದಿಡು ಅಂದೆ. ಒಂದೇ ಮೂಲೆ, ಚಳಿ ಜಾಸ್ತಿಯಾದ ರಾತ್ರಿ ಜಾಸ್ತಿ ಇಳಿತ. ಎತ್ತರದ ಮೋಡ್ ಇರಲಿ, ತಗ್ಗಿನ ಮೋಡ್ ಇರಲಿ, ವ್ಯತ್ಯಾಸ ಇಲ್ಲ. ಹಾಗಾದರೆ ಮಡಿಕೆಯ ಬಿರುಕಲ್ಲ. ಗಾಡಿಯನ್ನು ಹೀಟರ್ ಇರುವ ಜಾಗಕ್ಕೆ ತಂದು ಸೋಪಿನ ನೀರು ಹಾಕಿದರು, ಒಂದು ಗುಳ್ಳೆಯೂ ಇಲ್ಲ. ಲೀಕ್ ಇಲ್ಲ, ಕಂಪ್ರೆಸರೇ ಅಂದರು ಮತ್ತೆ.

ಚಳಿಗೆ ಬರುವ ಲೀಕನ್ನು ಬೆಚ್ಚಗೆ ಮಾಡಿ ಹುಡುಕಿದರೆ ಸಿಗುವುದು ಹೇಗೆ? ರಬ್ಬರಿನ ಓ ರಿಂಗ್ ತಣ್ಣಗಾದಾಗ ಗಟ್ಟಿಯಾಗುತ್ತದೆ, ಕುಗ್ಗುತ್ತದೆ, ಹಿಡಿತ ಬಿಡುತ್ತದೆ. ಬೆಚ್ಚಗಾದ ಕೂಡಲೇ ಮತ್ತೆ ಹಿಡಿದುಕೊಳ್ಳುತ್ತದೆ. ಹೊರಗೆ ಚಳಿಯಲ್ಲೇ ಪರೀಕ್ಷೆ ಮಾಡಿಸು ಅಂದೆ. ಸೋಪಿನ ನೀರು ಅಲ್ಲಿ ಹೆಪ್ಪುಗಟ್ಟುತ್ತದೆ, ಅದಕ್ಕೆ ಚಳಿಯಲ್ಲೂ ಕೆಲಸ ಮಾಡುವ ಲೀಕ್ ಸ್ಪ್ರೇ ಸಿಗುತ್ತದೆ. ಬೇರೆ ಒಬ್ಬ ಮೆಕ್ಯಾನಿಕ್ ಹಾಗೆ ಮಾಡಿದ. ಬಲೂನಿನ ತಲೆಯ ಮೇಲಿನ ಫಿಟ್ಟಿಂಗ್‌ನಲ್ಲಿ ಗುಳ್ಳೆ ಬಂತು. ಫಿಟ್ಟಿಂಗ್ ಬದಲಿಸಿದ, ಪೈಪಿನ ತುದಿ ನೇರ ಕತ್ತರಿಸಿ ಹಾಕಿದ. ಕಂಪ್ರೆಸರ್ ಹಳೆಯದೇ ಇದೆ.

ನಮ್ಮ ಕಡೆ ಇಂಥ ಚಳಿ ಇಲ್ಲ, ಬದಲಿಗೆ ಧೂಳಿದೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಗಣಿ ಲಾರಿ ಓಡುವ ರಸ್ತೆ, ಚಳ್ಳಕೆರೆ ಕಡೆಯ ಬೇಸಿಗೆ, ಇವನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಮರಳು ಬಲೂನಿನ ಮಡಿಕೆಯಲ್ಲಿ ಕೂತು ಪ್ರತಿ ಗುಂಡಿಗೂ ರಬ್ಬರನ್ನು ಉಜ್ಜುತ್ತದೆ. ಗಾಡಿಯನ್ನು ಎತ್ತರಕ್ಕೆ ಏರಿಸಿ ಮಡಿಕೆ ಬಿಚ್ಚಿದಾಗ ಸಾದಾ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಮರಳು ಇನ್ನೂ ಒಳಗೆ ಹೋಗುತ್ತದೆ, ಸೆನ್ಸರ್ ಕನೆಕ್ಟರ್‌ಗೆ ನೀರೂ ಹೋಗುತ್ತದೆ. ಕಂಪ್ರೆಸರ್ ಗಾಳಿ ಎಳೆಯುವ ಕಡೆ ಒಂದು ಪುಟ್ಟ ಫಿಲ್ಟರ್ ಇರುತ್ತದೆ. ಅದನ್ನು ಯಾರೂ ನೋಡುವುದೇ ಇಲ್ಲ.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ನಗಬೇಡಿ, ಗಮನ ಕೊಡಿ. ಕಮಾನು ಪಟ್ಟಿಯ ಗಾಡಿ ನಿಂತ ಎತ್ತರದಲ್ಲೇ ನಿಂತಿರುತ್ತದೆ. ಇದು ಹಾಗಲ್ಲ. ಹಮ್ಮರ್ ಇವಿಯ ತೂಕ 4 ಟನ್ ದಾಟುತ್ತದೆ. ಅದರ ಎಕ್ಸ್‌ಟ್ರಾಕ್ಟ್ ಮೋಡ್‌ನಲ್ಲಿ ಬಾಡಿ ಸುಮಾರು 15 ಸೆಂಟಿಮೀಟರ್ ಮೇಲೇಳುತ್ತದೆ. ಆ ಎತ್ತರದಲ್ಲಿ ಮಡ್‌ಗಾರ್ಡ್ ಒಳಗೆ ತಲೆ ಹಾಕಿ ಪೈಪು ಸಡಿಲ ಮಾಡಿದರೆ ಬಾಡಿ ಅಷ್ಟೂ ಕೆಳಗೆ ಬರುತ್ತದೆ. ಚಾಸಿಗೆ ಸ್ಟ್ಯಾಂಡ್ ಕೊಡದೆ ಕೈ ಕೂಡ ಹಾಕಬೇಡಿ. ಜಾಕ್ ಹಾಕುವ ಮೊದಲು ಗಾಡಿಯ ಮೆನುವಿನಲ್ಲಿ ಜಾಕ್ ಮೋಡ್ ಹಾಕಿ. ಇಲ್ಲದಿದ್ದರೆ ನೀವು ಎತ್ತಿದ ಹಾಗೆ ಅದು ಬಾಡಿ ಜಾಸ್ತಿ ಎತ್ತರಕ್ಕೆ ಹೋಯಿತು ಅಂದುಕೊಂಡು ಗಾಳಿ ಬಿಡುತ್ತಾ ಹೋಗುತ್ತದೆ. ಟೈರ್ ಬದಲಿಸಿಕೊಂಡು ಬಂದ ಮೇಲೆ ಸಸ್ಪೆನ್ಷನ್ ಕೆಟ್ಟಿತು ಅನ್ನುವವರ ಕಥೆ ಎಷ್ಟೋ ಸಲ ಇಷ್ಟೇ.

ಕೆಳಗೆ ನಡುಭಾಗ ಪೂರ್ತಿ ಬ್ಯಾಟರಿ. ಅಲ್ಲಿ ಟ್ರಾಲಿ ಜಾಕ್ ಇಟ್ಟರೆ ಮುಗಿಯಿತು. ಜಾಕ್ ಇಡುವ ಜಾಗ ಗುರುತು ಮಾಡಿರುತ್ತಾರೆ, ಅಲ್ಲೇ ಇಡಿ. ನಿಮ್ಮ ಎರಡು ಕಂಬದ ಲಿಫ್ಟಿನ ಮೇಲೆ ಎಷ್ಟು ಟನ್ ಅಂತ ಬರೆದಿದೆ ನೋಡಿ. ಕಾರಿಗೆ ಅಂತ ತಂದ ಲಿಫ್ಟು ಇದಕ್ಕೆ ಸಾಲದೆ ಹೋಗಬಹುದು. ಇನ್ನೂ ಎರಡು ಮಾತು. ಬಿಚ್ಚಿದ ಬಲೂನಿಗೆ ಟೇಬಲ್ ಮೇಲಿಟ್ಟು ಗಾಳಿ ತುಂಬಬೇಡಿ, ಹಿಡಿದುಕೊಳ್ಳಲು ಭಾರವಿಲ್ಲದಾಗ ಅದು ಸಿಡಿಯಬಹುದು. ಹೊಸ ಬಲೂನು ಹಾಕಿದ ಮೇಲೆ ಅದಕ್ಕೆ ಗಾಳಿ ತುಂಬಿ, ಆಮೇಲೆ ಗಾಡಿಯನ್ನು ನೆಲಕ್ಕೆ ಇಳಿಸಿ. ಗಾಳಿ ಇಲ್ಲದ ಬಲೂನಿನ ಮೇಲೆ ಭಾರ ಬಿಟ್ಟರೆ ಮಡಿಕೆ ತಪ್ಪಾಗಿ ಕೂತು ರಬ್ಬರ್ ಕಚ್ಚಿಕೊಳ್ಳುತ್ತದೆ. ಹೊಸ ಬಲೂನು ಮೊದಲ ದಿನವೇ ಹಾಳಾಗುವುದು ಹೀಗೇ.

ಹಿರಿಯ ಮೆಕ್ಯಾನಿಕ್ ಒಬ್ಬರು ಎದ್ದು ಕೇಳಿದರು: "ಇಷ್ಟೆಲ್ಲ ತಲೆನೋವು ಯಾಕೆ? ಬಲೂನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಬಿಟ್ಟರೆ?"

ಅಣ್ಣ, ಇದು ಬಹಳ ಹಳೆಯ ಉಪಾಯ. 1957ರಲ್ಲಿ ಕ್ಯಾಡಿಲಾಕ್‌ನವರು ಎಲ್ಡೊರಾಡೊ ಬ್ರೂಮ್ ಅನ್ನುವ ಕಾರಿಗೆ ಏರ್ ಸಸ್ಪೆನ್ಷನ್ ಕೊಟ್ಟರು. ಲೀಕ್ ತಡೆಯಲಾರದೆ ಎಷ್ಟೋ ಮಾಲೀಕರು ಕಾಯಿಲ್ ಹಾಕಿಸಿಕೊಂಡರು. ಹಳೆಯ ಪೆಟ್ರೋಲ್ ಎಸ್‌ಯುವಿಗೆ ಇವತ್ತೂ ನಾನು ಬೇಡ ಅನ್ನುವುದಿಲ್ಲ, ಮಾಲೀಕನ ಜೇಬು ನೋಡಿ ಮಾಡಿ. ಎಲೆಕ್ಟ್ರಿಕ್ ಪಿಕಪ್‌ಗೆ ಬೇಡ. ಹೆದ್ದಾರಿಯಲ್ಲಿ ಅದು ತಾನೇ ಕೆಳಗಿಳಿದು ಗಾಳಿಯ ತಡೆ ಕಮ್ಮಿ ಮಾಡಿಕೊಳ್ಳುತ್ತದೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನುವುದು ಅದರ ಮೇಲೂ ನಿಂತಿದೆ. ಎತ್ತರ ಗೊತ್ತಾಗದಿದ್ದರೆ ಕಂಪ್ಯೂಟರ್ ಬೇರೆ ಕೆಲಸಗಳನ್ನೂ ನಿಲ್ಲಿಸಬಹುದು. ಆರ್1ಟಿಯಲ್ಲಂತೂ ನಾವು ನೋಡುವ, ತಿರುವಿನಲ್ಲಿ ವಾಲದ ಹಾಗೆ ಹಿಡಿಯುವ ಆ್ಯಂಟಿ ರೋಲ್ ಬಾರ್ ಇಲ್ಲ. ಎಡಬಲದ ಶಾಕ್ ಅಬ್ಸಾರ್ಬರ್‌ಗಳನ್ನು ಎಣ್ಣೆಯ ಪೈಪಿನಿಂದ ಒಂದಕ್ಕೊಂದು ಜೋಡಿಸಿ ವಾಲುವುದನ್ನು ತಡೆದಿದ್ದಾರೆ. ಅಲ್ಲಿ ಎಣ್ಣೆ ಸೋರಿದ್ದನ್ನು ಕಂಡು ಬಲೂನು ಬದಲಿಸಿದರೆ ಪ್ರಯೋಜನವಿಲ್ಲ. ಬಲೂನು ಎತ್ತರ ಕಾಯುತ್ತದೆ, ಎಣ್ಣೆ ವಾಲುವುದನ್ನು ಕಾಯುತ್ತದೆ. ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ನಿಂತಾಗ ಎತ್ತರ ಸರಿ ಇದೆ ಅಂದರೆ ಎಣ್ಣೆಯ ಕಡೆ ಹೋಗಿ.

ಕಡೆಯ ಪ್ರಶ್ನೆ ಒಬ್ಬ ಡ್ರೈವರ್‌ರದು. ಭರಮಸಾಗರದ ಹತ್ತಿರ ಬಲೂನು ಪೂರ್ತಿ ಕೂತರೆ ದಾವಣಗೆರೆವರೆಗೆ ಓಡಿಸಿಕೊಂಡು ಬರಬಹುದಾ ಅಂತ. ಮೊದಲು ಇಳಿದು ಟೈರು ಮಡ್‌ಗಾರ್ಡ್ ಒಳಗೆ ಉಜ್ಜುತ್ತಿದೆಯಾ ನೋಡಿ. ಉಜ್ಜುತ್ತಿದ್ದರೆ ಒಂದು ಅಡಿಯೂ ಬೇಡ. ಉಜ್ಜದಿದ್ದರೆ ಸರ್ವಿಸ್ ರಸ್ತೆಗೆ ಇಳಿಸಿ, ನಿಧಾನ ನಡಿಗೆಯಲ್ಲಿ ಹತ್ತಿರದ ಬಂಕಿನವರೆಗೆ ತನ್ನಿ, ಅಷ್ಟೇ. ಅಲ್ಲಿಂದ ಮುಂದೆ ಗಾಡಿಯನ್ನು ಪೂರ್ತಿ ಮೇಲೆ ಹೊತ್ತು ತರುವ ಫ್ಲಾಟ್‌ಬೆಡ್ ಲಾರಿ. ಎಲೆಕ್ಟ್ರಿಕ್ ಗಾಡಿಯ ಚಕ್ರ ನೆಲದ ಮೇಲೆ ಉರುಳುವ ಹಾಗೆ ಎಳೆಸಬೇಡಿ, ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ. ಕ್ರೇನಿನ ಕೊಕ್ಕೆಗೆ ಮೂತಿ ನೇತು ಹಾಕಿ ತರುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೂತ ಗಾಡಿಯ ಮೂತಿ ಫ್ಲಾಟ್‌ಬೆಡ್‌ನ ಇಳಿಜಾರಿಗೆ ತಾಗುತ್ತದೆ. ಹಾಗಾಗಿ ಫೋನ್ ಮಾಡುವಾಗಲೇ ಗಾಡಿಯ ತೂಕ ಹೇಳಿ, ಚಕ್ರದ ಕೆಳಗೆ ಇಡಲು ದಪ್ಪ ಹಲಗೆ ಎರಡು ತರಲು ಹೇಳಿ.